ಅಮಾವಾಸ್ಯೆಗೊಮ್ಮೆ ಬೀಳುವ ಸರ್ವರ್

ಗೆಳೆಯರೇ, ಮೂರು ತಿಂಗಳಿಂದ ನಮ್ಮ ಸರ್ವರ್ ನಡೆಸುವ ಲಿನಕ್ಸನ್ನು ಬೈಯುತ್ತಿದ್ದುದಕ್ಕೆ ಇವತ್ತು ಅದರ ಕ್ಷಮೆ ಕೇಳುತ್ತಿದ್ದೇನೆ.

ಬಬಲೇಶ್ವರದ ಕಾಲೇಜೊಂದರ ಪ್ರಾಕ್ಸಿ ಸರ್ವರ್ ನೋಡಿಕೊಳ್ಳುವವನು ನಾನು. ಇಡೀ ಕಾಲೇಜಿನ ಇಂಟರ್ನೆಟ್ ಹಾದುಹೋಗುವುದು ಅದರ ಮೂಲಕವೇ. ಒಮ್ಮೆ ತೆರೆದ ಪುಟಗಳನ್ನು ಅದು ಕ್ಯಾಶ್ ಎಂಬ ಫೋಲ್ಡರಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಂದ ಪ್ರತಿ ಅಮಾವಾಸ್ಯೆಗೂ ತಪ್ಪದೆ ಕ್ರ್ಯಾಶ್ ಆಗುತ್ತಿತ್ತು. ಇವತ್ತೂ ಆಯಿತು, ಅದೂ ಪರೀಕ್ಷೆ ಫಾರ್ಮ್ ತುಂಬುವ ಕೊನೆಯ ದಿನ. ವಿಜಯಪುರದಿಂದ ಬಸ್ ಹಿಡಿದು ಓಡಿದೆ.

ಸರ್ವರಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಕಾಯಿ ಒಡೆಯುವುದೊಂದೇ ಬಾಕಿ. ಸರ್ವರ್ ತನ್ನ ತೊಂದರೆ ಬರೆದಿಡುವ ಲಾಗ್ ತೆರೆದರೆ, ಈ ಸಲವೂ ಕ್ಯಾಶ್ ಫೋಲ್ಡರೇ ಇಲ್ಲ ಎನ್ನುತ್ತಿತ್ತು.

“ಈರಣ್ಣಾರ, ಈ ಫೋಲ್ಡರ್ ಯಾರ್ ಅಳಿಸ್ಯಾರ್ರಿ?” ಎಂದು ಗುಮಾಸ್ತರನ್ನು ಕೇಳಿದೆ.

“ನಾನ ಅಳಿಸೇನ್ರಿ. ಅಮಾಸಿ ಪೂಜಿ ಅಲ್ಲೇನ್ರಿ? ಹೊರಗ ಬಟ್ಟಿಲೆ ಒರಿಸಿ, ಒಳಗಿನ ಹಳೇ ಕಸಾನೂ ತಗದೆ. ಮೊಬೈಲ್‌ದಾಗ ಹಂಗ ಮಾಡ್ತೀವಲ್ರಿ.”

ಮೈಯೆಲ್ಲ ಉರಿಯಿತು. ಅವಸರಕ್ಕಿರಲಿ ಎಂದು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟ ಪುಣ್ಯಾತ್ಮನೂ ನಾನೇ.

ಫೋಲ್ಡರ್ ಮತ್ತೆ ಮಾಡಿ ಸರ್ವರನ್ನು ಎಬ್ಬಿಸುವುದಕ್ಕೂ ಈರಣ್ಣನವರು ಕಾಯಿ ಒಡೆಯುವುದಕ್ಕೂ ಸರಿಹೋಯಿತು. ಇಂಟರ್ನೆಟ್ ಬಂತು. ಪ್ರಾಚಾರ್ಯರು ಒಳಗೆ ಬಂದವರೇ ಈರಣ್ಣನವರ ಬೆನ್ನು ತಟ್ಟಿ, ನನ್ನತ್ತ ತಿರುಗಿದರು.

“ನೋಡ್ರಿ, ಕಾಯಿ ಒಡದ ಕೂಡ್ಲೇ ಚಾಲೂ ಆತು. ನೀವು ಸುಮ್ಮನ ಅಷ್ಟ ದೂರದಿಂದ ಬಂದ್ರಿ.”

ಬರುವ ಅಮಾವಾಸ್ಯೆಗೆ ಐದು ಕಾಯಿ ಎಂದು ಅಲ್ಲೇ ತೀರ್ಮಾನವಾಯಿತು. ನಾನು ಪಾಸ್‌ವರ್ಡ್ ಬದಲಿಸಿ ಬಂದಿದ್ದೇನೆ. ಇನ್ನು ಸರ್ವರ್ ಬೀಳುವುದಿಲ್ಲ, ಆ ಕೀರ್ತಿಯೂ ಕಾಯಿಗೇ.