ನಾನು ಕೊರೆದ ದಪ್ಪಕ್ಷರಗಳು

ನಾನು ಸೊಸೆಯಾಗಿ ಬಂದ ಗೋಕಾಕದ ಮನೆಯಲ್ಲಿ ಕಟ್ಟಿಗೆಯ ಗೊಂಬೆ ಮಾಡುತ್ತಿದ್ದರು. ಗಂಡ ನೂಲಿನ ಗಿರಣಿಗೆ ಹೋಗುತ್ತಿದ್ದ. ಮಾವ ಗೊಂಬೆ ಕೊರೆಯುತ್ತಿದ್ದರು, ನಾನು ಬಣ್ಣ ಬಳಿಯುತ್ತಿದ್ದೆ. ಬೆಳಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ಕಟ್ಟಿಗೆಯ ಪುಡಿ ಮೆಲ್ಲಗೆ ತೇಲುವುದನ್ನು ನೋಡುತ್ತ ಕುಂಚ ಹಿಡಿದ ಕೈ ಎಷ್ಟೋ ಸಲ ನಿಂತೇ ಹೋಗುತ್ತಿತ್ತು.

ಅಂಥದೊಂದು ಮಧ್ಯಾಹ್ನ ಹುಕ್ಕೇರಿಯಿಂದ ಛಾಪಖಾನೆಯ ಯಜಮಾನರು ಬಂದರು. ನೂಲಿನ ಗಂಟಿಗೆ ಅಂಟಿಸುವ ಇಂಗ್ಲಿಷ್ ಕಾಗದವೊಂದನ್ನು ನೆಲದ ಮೇಲೆ ಹರಡಿದರು. ಅಕ್ಷರಗಳೆಲ್ಲ ಒಂದೇ ದಪ್ಪ. ಒಂದೊಂದರ ಬುಡಕ್ಕೂ ಇಟ್ಟಿಗೆಯಂಥ ಚೌಕ ಪಾದ.

“ಇಂಥಾ ಕಟ್ಟಿಗಿ ಅಚ್ಚು ಕನ್ನಡದಾಗ ಬೇಕ್ರಿ, ಅಂಗೈಯಷ್ಟು ದೊಡ್ಡವು. ದೂರದಿಂದ ಓದಾಕ ಬರಬೇಕು,” ಎಂದರು.

ಅವರು ಬರೆದುಕೊಟ್ಟ ಕನ್ನಡ ಅಕ್ಷರಗಳನ್ನು ಮಾವ ತಿರುಗಿಸಿ ತಿರುಗಿಸಿ ನೋಡಿದರು. “ಇವು ಗುಂಡಗ ಅದಾವಲ್ರಿ. ಪಾದ ಎಲ್ಲಿ ಹಚ್ಚೂದು?”

ನಮ್ಮಿಬ್ಬರಿಗೂ ಓದಲು ಬರುತ್ತಿರಲಿಲ್ಲ. ಆದರೂ ನನ್ನ ಬಾಯಿಂದ ಮಾತು ಜಾರಿತು: “ಪಾದ ಇಲ್ಲಾಂದ್ರೇನಾತ್ರಿ ಮಾವಾರ, ತಲಿ ಐತಲ್ಲ.”

ತಲೆಕಟ್ಟನ್ನೇ ತೊಲೆಯಂತೆ ದಪ್ಪ ಮಾಡಿ, ತುದಿಯನ್ನು ಚೌಕವಾಗಿಸಿದೆವು. ಗೊಂಬೆಯ ಹಗುರ ಕಟ್ಟಿಗೆ ಒತ್ತುವ ಭಾರ ತಾಳದೆಂದು ತೇಗದ ತುಂಡು ಬಂತು. ಕಾಗದದ ಮೇಲೆ ನೆಟ್ಟಗೆ ಬೀಳಬೇಕಾದರೆ ಕಟ್ಟಿಗೆಯಲ್ಲಿ ತಿರುವುಮುರುವಾಗಿ ಕೊರೆಯಬೇಕು. ಮಾವ ಮೊದಲು ಕೊರೆದದ್ದು ‘ಕ’, ಅದು ‘ಕ’ ಎಂದು ಆಗ ನನಗೆ ಗೊತ್ತಿರಲಿಲ್ಲ. ಒತ್ತಿ ನೋಡಿದರೆ ಮಸಿ ಒಳಗೆಲ್ಲ ತುಂಬಿ ಬರಿಯ ಕಪ್ಪು ಮುದ್ದೆ ಬಿತ್ತು.

“ಒಳಗ ಜಾಗಾ ಸಾಲವಲ್ತು,” ಎಂದೆ.

ಮಾವ ಉಳಿಯನ್ನು ನನ್ನತ್ತ ಚಾಚಿದರು. “ನಿನಗ ಕಾಣತೈತಿ. ನೀನ ಕೊರಿ, ಯವ್ವಾ.” ಆ ಮನೆಯಲ್ಲಿ ಹೆಂಗಸಿನ ಕೈಗೆ ಉಳಿ ಬಂದದ್ದು ಅದೇ ಮೊದಲು.

ಇಡೀ ಬೇಸಿಗೆ ಕೊರೆದೆ; ಮುಗಿದವು ಹುಕ್ಕೇರಿಗೆ ಹೋದವು. ಕಣ್ಣು ಮುಚ್ಚಿದರೆ ಆ ಅಕ್ಷರಗಳು ಘಟಪ್ರಭೆಯ ನೀರಿನಲ್ಲಿ ಒಂದರ ಹಿಂದೊಂದು ತೇಲಿ ಹೋಗುತ್ತಿದ್ದವು. ಎಲ್ಲಿಗೆ ಹೋಗುತ್ತವೆಂದು ತಿಳಿಯದೆ ನಾನು ದಂಡೆಯ ಗುಂಟ ನಡೆಯುತ್ತಿದ್ದೆ.

ಮಳೆ ಹಿಡಿಯುವ ಮೊದಲು ಮೂಡಲಗಿಯ ತವರಿಗೆ ಹೋದೆ. ಅಪ್ಪನೊಂದಿಗೆ ಪೇಟೆ ದಾಟುವಾಗ ಗೋಡೆಯ ಮೇಲೊಂದು ದೊಡ್ಡ ಕಾಗದ ಕಂಡಿತು. ಗುರುತಿನ ಮುಖಗಳೇ, ಆದರೆ ಎಲ್ಲವೂ ಮಗ್ಗಲು ಬದಲಿಸಿದ್ದವು. ನಿಂತುಬಿಟ್ಟೆ.

“ಏನ್ ಬರದಾರಪ್ಪಾ?”

“ಜಂಗೀ ಕುಸ್ತಿ ಅಂತ. ನೋಡ, ಕಣ್ಣಿಗಿ ಚಾಳೀಸ ಇಲ್ಲದ ಓದಿದೆ!”

“ಅವನ್ನ ನಾ ಕೊರದೇನಿ.”

ಅಪ್ಪ ನಕ್ಕ. ದಡ್ಡುಗಟ್ಟಿದ ಹೆಬ್ಬೆರಳು ತೋರಿಸಿದೆ. ಅವನು ಅದನ್ನು ಸವರಿ ನೋಡಿ, ಗೋಡೆಯ ಹತ್ತಿರ ಕರೆದೊಯ್ದು, ನನ್ನ ಬೆರಳನ್ನು ಒಂದೊಂದು ಅಕ್ಷರದ ಮೇಲೂ ಇಟ್ಟು ಹೆಸರು ಹೇಳಿದ. ಗೆರೆಗಳು ಕೈಗೆ ಮೊದಲೇ ಗೊತ್ತಿದ್ದವು. ಕೂಗಿ ಕರೆಯಲು ಹೆಸರಷ್ಟೇ ಬೇಕಿತ್ತು. ಹದಿನೈದು ದಿನ ಮೂಡಲಗಿಯ ಗೋಡೆಗಳೇ ನನ್ನ ಶಾಲೆಯಾದವು.

ಗೋಕಾಕಕ್ಕೆ ಮರಳಿದ ಸಂಜೆ ಬೆಲ್ಲ ಕಟ್ಟಿ ತಂದಿದ್ದ ಹರಕು ಪತ್ರಿಕೆಯನ್ನು ಬಿಡಿಸಿ ತಡವರಿಸುತ್ತ ಓದಿದೆ. ಯಾವುದೋ ಊರಿನ ಕೆರೆ ತುಂಬಿದ ಸುದ್ದಿ. ಮಾವ ಪುರಾಣ ಕೇಳುವವರಂತೆ ಕೈಕಟ್ಟಿ ಕೂತು ಕೇಳಿದರು. ಮುಗಿದ ಮೇಲೆ, “ಮತ್ತೊಮ್ಮೆ ಓದ, ಯವ್ವಾ,” ಎಂದರು.