ನೀಲಿ ಗೆರೆಯ ಮೊಟ್ಟೆಗಳು

ನಮ್ಮ ಮನೆಯಲ್ಲಿ ಕೋಳಿಯ ಮಾತು ಶುರುವಾದರೆ ಯಾರಾದರೂ ಒಬ್ಬರು ಮುನಿಸಿಕೊಂಡು ಎದ್ದುಹೋಗುವುದು ಗ್ಯಾರಂಟಿ. ಇದಕ್ಕೆಲ್ಲ ಮೂಲ ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಇಸ್ತ್ರಿ ಮಾಡಿ, ಮಡಚಿ, ಪೇರಿಸುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು. ಮದುವೆ ಯಾಕೆ ಆಗಲಿಲ್ಲ ಅಂತ ಕೇಳಿದರೆ, "ಕೋಳಿ ನೋಡ್ಕೊಳ್ಳೋರು ಯಾರು?" ಅನ್ನುತ್ತಾಳೆ. ಅದು ತಮಾಷೆಯೋ ನಿಜವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅವಳ ಕೋಳಿಯ ಹೆಸರು ಬೂದಿ. ಮೈಯೆಲ್ಲ ಬೂದಿ ಬಣ್ಣ, ಕುತ್ತಿಗೆಯ ಸುತ್ತ ಮಾತ್ರ ಬಿಳಿ ಚುಕ್ಕಿ. ಆದರೆ ಬೂದಿ ಅಂದರೆ ಒಂದೇ ಕೋಳಿಯಲ್ಲ, ತಲೆ ಕೆಡುವುದು ಇಲ್ಲಿಯೇ. ನಮ್ಮಜ್ಜಿಯ ಹತ್ತಿರ ಒಂದು ಬೂದಿ ಇತ್ತಂತೆ. ಅದು ಸತ್ತಾಗ ಅದೇ ಬಣ್ಣದ ಅದರ ಮರಿಯೊಂದಕ್ಕೆ ಅಜ್ಜಿ ಅದೇ ಹೆಸರಿಟ್ಟಳು. ಆಮೇಲೆ ಅದರ ಮಗಳೂ ಬೂದಿ, ಮೊಮ್ಮಗಳೂ ಬೂದಿ. ಅಜ್ಜಿ ಹೋದ ಮೇಲೆ ಗೂಡು ಅತ್ತೆಯ ಕೈಗೆ ಬಂತು, ಹೆಸರೂ ಬಂತು. ಮನೆಯಲ್ಲಿ ಮನುಷ್ಯರು ಹುಟ್ಟಿದರು, ಸತ್ತರು. ಬೂದಿ ಮಾತ್ರ ಹಿತ್ತಲಲ್ಲಿ ಕೆದಕುತ್ತಲೇ ಇತ್ತು.

ಹಾಗಾಗಿ ಯಾವ ಕಥೆ ಯಾವ ಬೂದಿಯದು ಅಂತ ಕೇಳಿದರೆ ದೇವರೇ ಗತಿ. ಡಾಕ್ಟರ ಚೀಲದೊಳಗೆ ಬೂದಿ ಮೊಟ್ಟೆ ಇಟ್ಟ ಕಥೆಯನ್ನೇ ತೆಗೆದುಕೊಳ್ಳಿ.

"ನಂಗೆ ಜ್ವರ ಬಂದಾಗ ಡಾಕ್ಟರು ಬಂದಿದ್ರಲ್ಲ, ಆಗ್ಲೇ ಇಟ್ಟಿದ್ದು. ನಾನೇ ಕಣ್ಣಾರೆ ನೋಡಿದ್ದೀನಿ" ಅನ್ನುತ್ತಾನೆ ಅಪ್ಪ.

"ಏನ್ ನೋಡಿದ್ಯೋ? ನೀನು ಹುಟ್ಟೋ ದಿನ ಬಂದಿದ್ದ ಡಾಕ್ಟರು ಅವ್ರು. ನೀನಿನ್ನೂ ಹೊಟ್ಟೇಲಿದ್ದೆ!" ಅನ್ನುತ್ತಾಳೆ ಅತ್ತೆ.

ಚಿಕ್ಕಂದಿನಲ್ಲಿ ನಾನು ಇಬ್ಬರನ್ನೂ ನಂಬಿದ್ದೆ. ದೊಡ್ಡವಳಾದ ಮೇಲೆ ಇಬ್ಬರನ್ನೂ ನಂಬುವುದು ಬಿಟ್ಟೆ. ಒಂದನ್ನು ಮಾತ್ರ ಅಲ್ಲಗಳೆಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ: ಬೂದಿಯ ಪೀಳಿಗೆ ಅಜ್ಜಿಯ ಕೈಯಿಂದ ಬಂದದ್ದು, ನಡುವೆ ಎಲ್ಲೂ ಕಡಿದಿಲ್ಲ. ಅತ್ತೆಯ ಜೀವವೇ ಅದರಲ್ಲಿತ್ತು.

ಇನ್ನು ಗೆರೆಯ ವಿಷಯ. ಕೋಳಿ ಕಾವಿಗೆ ಕೂತಾಗ ಅದರ ಕೆಳಗಿಡುವ ಮೊಟ್ಟೆಗಳಿಗೆ ಅಜ್ಜಿ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದಳು. ಬೇರೆ ಕೋಳಿ ನುಗ್ಗಿ ಅಲ್ಲೇ ಮೊಟ್ಟೆ ಇಟ್ಟರೆ ಗೊತ್ತಾಗಲಿ ಅಂತ. ಅತ್ತೆ ಇದ್ದಿಲು ಬಿಟ್ಟು ಲಾಂಡ್ರಿಯ ನೀಲಿ ಪೆನ್ಸಿಲ್ ಹಿಡಿದಳು. ನಮ್ಮ ತವರಿನಲ್ಲಿ ಗೆರೆ ಇದ್ದ ಮೊಟ್ಟೆಯನ್ನು ಯಾರೂ ಮುಟ್ಟುವುದಿಲ್ಲ. ನಡೆಯಲು ಕಲಿತ ಮಗುವಿಗೂ ಅದು ಗೊತ್ತು.

ಹೋದ ವರ್ಷ ಒಂದು ಬೆಳಿಗ್ಗೆ ಅತ್ತೆ ಬುಟ್ಟಿ ಹಿಡಿದು, ನಾನೂ ನನ್ನ ಗಂಡನೂ ಇರುವ ಮನೆಗೆ ಬಂದಳು. ಮುಖ ನೋಡಿದರೆ ಯಾರೋ ಹೋಗಿದ್ದಾರೆ ಅಂತಲೇ ಅನ್ನಿಸಬೇಕು.

"ಬೂದಿನ ನಾಯಿ ಎತ್ಕೊಂಡು ಹೋಯ್ತು ಕಣೇ" ಅಂದಳು. ಬುಟ್ಟಿಯಲ್ಲಿ ಟವೆಲ್ಲಿನ ಮೇಲೆ ಬೂದಿಯ ಮೊಟ್ಟೆಗಳು, ಒಂದೊಂದಕ್ಕೂ ನೀಲಿ ಗೆರೆ. "ಉಳಿದಿರೋದು ಇಷ್ಟೇ. ನಿನ್ನ ಕೋಳಿ ಕೆಂಪಿ ಕಾವಿಗೆ ಕೂತಿದಾಳಲ್ಲ, ಅವಳ ಕೆಳಗಿಡು. ಸಂಜೆ ಮಬ್ಬಾದ ಮೇಲೆ ಇಡು. ಬೆಳಕಲ್ಲಿಟ್ರೆ ಎದ್ದು ಬಿಡ್ತಾಳೆ, ಹಟಮಾರಿ. ಇವು ಮರಿಯಾಗ್ಲಿಲ್ಲ ಅಂದ್ರೆ ಅಮ್ಮನ ಕೋಳಿ ಮುಗೀತು, ತಿಳ್ಕೋ."

"ಆಗುತ್ತೆ ಬಿಡು ಅತ್ತೆ" ಅಂದೆ. ಅವಳು ಡ್ಯೂಟಿಗೆ ಹೋದಳು. ಕಾವಿಗೆ ಕೂರುವ ಮೊದಲು ಕೆಂಪಿ ಇಟ್ಟಿದ್ದ ಮೊಟ್ಟೆಗಳು ಅಡುಗೆಮನೆಯ ಬೋಗುಣಿಯಲ್ಲಿದ್ದವು. ಬುಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ನಾನು ನನ್ನ ಹೊಲಿಗೆ ಅಂಗಡಿಗೆ ಹೋದೆ. ಯಾರದೋ ಕೋಟಿನ ತೋಳು ಮೊಟಕು ಮಾಡುವುದಿತ್ತು.

ಸಂಜೆ ಬಂದು ನೋಡುತ್ತೇನೆ, ಬುಟ್ಟಿ ಖಾಲಿ. ಟವೆಲ್ ಅಚ್ಚುಕಟ್ಟಾಗಿ ಮಡಚಿಟ್ಟಿದೆ. ಕಸದ ಡಬ್ಬಿಯಲ್ಲಿ ಮೊಟ್ಟೆಯ ಸಿಪ್ಪೆ, ಸಿಪ್ಪೆಯ ಮೇಲೆ ನೀಲಿ ಗೆರೆ. ಬೋಗುಣಿಯಲ್ಲಿ ಕೆಂಪಿಯ ಮೊಟ್ಟೆಗಳು ಹಾಗೇ ಇವೆ. ನನಗೆ ತಲೆಬುಡ ಅರ್ಥವಾಗಲಿಲ್ಲ. ಕಳ್ಳ ಬಂದಿದ್ದರೂ ಗೆರೆ ಇದ್ದದ್ದನ್ನೇ ಆರಿಸಿಕೊಂಡು ತಿನ್ನುತ್ತಾನೆಯೇ?

"ರೀ, ಇದೇನ್ರೀ?"

ನಮ್ಮವರು ಲೇತ್ ಕೆಲಸದವರು. ಆ ದಿನ ಬೇಗ ಬಂದಿದ್ದರು, ಜೊತೆಗೆ ವರ್ಕ್‌ಶಾಪಿನ ಗೆಳೆಯನನ್ನೂ ಕರೆತಂದಿದ್ದರು. "ಹಳೇ ಮೊಟ್ಟೆ ಇತ್ತಲ್ಲ, ಹಾಳಾಗೋದು ಬೇಡ ಅಂತ ಇಬ್ರೂ ಮುಗಿಸಿದ್ವಿ. ನಿನ್ನ ಪಾಲು ತಟ್ಟೇಲಿ ಮುಚ್ಚಿಟ್ಟಿದ್ದೀನಿ ನೋಡು" ಅಂದರು ಬಲು ಸಂತೋಷದಿಂದ.

"ಹಳೇದು ಅಂತ ಯಾರ್ ಹೇಳಿದ್ರು ನಿಮ್ಗೆ?"

"ಗೆರೆ ಎಳೆದಿತ್ತಲ್ಲೇ!"

ಅವರು ಬೆಳೆದ ಮನೆಯಲ್ಲಿ ಕೋಳಿ ಇರಲಿಲ್ಲ, ಮಕ್ಕಳು ತುಂಬ ಇದ್ದರು. ಅಂಗಡಿಯಿಂದ ಹೊಸ ಮೊಟ್ಟೆ ಬಂದಾಗ ಅವರಮ್ಮ ಹಳೆಯದಕ್ಕೆ ಗೆರೆ ಎಳೆದು, ಮೊದಲು ಇದನ್ನು ಮುಗಿಸಿ ಅನ್ನುತ್ತಿದ್ದರಂತೆ. ಇಷ್ಟು ವರ್ಷ ಸಂಸಾರ ಮಾಡಿದ್ದೇವೆ, ಗೆರೆಯ ಮಾತು ಒಮ್ಮೆಯೂ ಬಂದಿರಲಿಲ್ಲ. ಕೆಂಪಿ ಕಾವಿಗೆ ಕೂತದ್ದೂ ಇದೇ ಮೊದಲು. ಬಯ್ಯಲು ಬಾಯಿ ತೆರೆದೆ. ಯಾರನ್ನು ಬಯ್ಯಬೇಕು, ಯಾತಕ್ಕೆ ಬಯ್ಯಬೇಕು ಅಂತಲೇ ತೋಚಲಿಲ್ಲ.

ವಿಷಯ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಡ್ಯೂಟಿ ಮುಗಿಸಿ ಅತ್ತೆ ಬಂದೇಬಿಟ್ಟಳು. ನಾನು ಏನೋ ಒಂದು ಹೇಳಿ ಸಂಭಾಳಿಸೋಣ ಅಂದುಕೊಂಡರೆ, ಈ ಮಹಾನುಭಾವರು ನನ್ನ ಪಾಲಿನ ತಟ್ಟೆಯನ್ನು ಹಿಡಿದುಕೊಂಡೇ ಅವಳ ಮುಂದೆ ಹೋಗಿ ನಿಂತರು.

"ಅತ್ತೆ, ನಿಮ್ಮ ಮೊಟ್ಟೆನೆಲ್ಲ ನಾನೇ ತಿಂದ್ಬಿಟ್ಟೆ. ನಂಗೆ ಗೊತ್ತಾಗ್ಲಿಲ್ಲ."

ಅತ್ತೆ ತಟ್ಟೆ ನೋಡಿದಳು, ಅವರನ್ನು ನೋಡಿದಳು. ಆಮೇಲೆ ಅವಳು ನಗತೊಡಗಿದಳು.

"ಅಯ್ಯೋ ಅಳಿಯಂದ್ರೇ, ನಮ್ಮಪ್ಪನೂ ಹಿಂಗೇ ಮಾಡಿದ್ದ! ಅಮ್ಮ ಗೆರೆ ಎಳೆದಿಟ್ಟಿದ್ದನ್ನೆಲ್ಲ ಒಡೆದು ಬಾಣಲೆಗೆ ಹಾಕಿದ್ದ. ಅಮ್ಮ ಪಕ್ಕದ ಮನೆಯಿಂದ ಮೊಟ್ಟೆ ತಂದು ಕಾವಿಗಿಟ್ಲು. ಅದ್ರಲ್ಲಿ ಹುಟ್ಟಿದ್ದೇ ನಮ್ಮ ಬೂದಿ. ನೀವೇನು ಹೊಸ ತಪ್ಪು ಮಾಡಿಲ್ಲ ಬಿಡಿ."

ನಮ್ಮವರಿಗೆ ಹೋದ ಜೀವ ಬಂದಂತಾಯಿತು. ಅತ್ತೆ ಸೆರಗಿನ ಗಂಟಿನಿಂದ ಪೆನ್ಸಿಲ್ ತೆಗೆದು, ಕೆಂಪಿಯ ಮೊಟ್ಟೆಗಳಿಗೇ ನೀಲಿ ಗೆರೆ ಎಳೆದು, ಕೆಂಪಿಯ ಕೆಳಗೆ ತಾನೇ ಇಟ್ಟಳು. ನಾನು ಕಂಬದ ಹಾಗೆ ನಿಂತಿದ್ದೆ. ಬೂದಿ ಪಕ್ಕದ ಮನೆಯ ಮೊಟ್ಟೆಯಿಂದ ಬಂದದ್ದಾದರೆ, ಕಡಿಯದ ಪೀಳಿಗೆ ಅಂತ ಇಷ್ಟು ವರ್ಷ ಕುಣಿದದ್ದು ಯಾತಕ್ಕೆ?

ಅಪ್ಪನನ್ನು ಕೇಳಿದೆ. ಅಪ್ಪ ಕೆಂಡವಾದ. "ಶುದ್ಧ ಸುಳ್ಳು! ಅಪ್ಪನಿಗೆ ಮೊಟ್ಟೆ ವಾಸನೆ ಕಂಡ್ರೇ ಆಗ್ತಿರಲಿಲ್ಲ. ಅಕ್ಕನಿಗೆ ಅರಳು ಮರಳು."

ಕೆಂಪಿ ಮರಿ ಮಾಡಿದಳು. ಎಲ್ಲವೂ ಕೆಂಪಗೆ, ಬೂದಿ ಬಣ್ಣದ್ದು ಒಂದೂ ಇಲ್ಲ. ಅತ್ತೆ ಒಂದು ಹೆಣ್ಣು ಮರಿಯನ್ನು ಮನೆಗೆ ಒಯ್ದು ಬೂದಿ ಅಂತ ಹೆಸರಿಟ್ಟಳು. ಕೆಂಪು ಕೋಳಿಗೆ ಇದೆಂಥ ಹೆಸರು ಅಂತ ಬೀದಿಯವರೆಲ್ಲ ಕೇಳುತ್ತಾರೆ. ಮೊನ್ನೆ ಮನೆಮಂದಿಯೆಲ್ಲ ಸೇರಿದಾಗ ಇದಕ್ಕೆ ಉತ್ತರ ಕೊಟ್ಟವನು ಯಾರು ಅಂದುಕೊಂಡಿರಿ? ಅಪ್ಪ! "ನಮ್ಮಪ್ಪನೂ ಹಿಂಗೇ ತಿಂದಿದ್ದ. ಆ ಬಾಣಲೆ ಚುಂಯ್ ಅಂದಿದ್ದು ಇನ್ನೂ ನನ್ನ ಕಿವೀಲಿದೆ" ಅಂದ. ನನಗಂತೂ ಹುಚ್ಚು ಹಿಡಿಯುವುದೊಂದು ಬಾಕಿ.

ಮರುದಿನ ನೇರ ಲಾಂಡ್ರಿಗೆ ಹೋದೆ. ಹಬೆ, ಸೋಪಿನ ಘಾಟು. ಅತ್ತೆ ಒಂದು ದೊಡ್ಡ ಬಟ್ಟೆಯ ಎರಡು ತುದಿ ನನ್ನ ಕೈಗೆ ಕೊಟ್ಟಳು. ಎಳೆದು ಬಿಗಿ ಮಾಡಿ ಮಡಚುತ್ತ ಇಬ್ಬರೂ ಹತ್ತಿರ ಬಂದೆವು.

"ಅತ್ತೆ, ನನ್ನಾಣೆ, ನಿಜ ಹೇಳು. ಅಜ್ಜ ಮೊಟ್ಟೆ ತಿಂದಿದ್ನಾ?"

"ನಿಮ್ಮಜ್ಜ ಮೊಟ್ಟೆ ಇಟ್ಟ ತಟ್ಟೇಲಿ ಊಟಾನೂ ಮಾಡ್ತಿರಲಿಲ್ಲ."

"ಮತ್ತೆ ಯಾಕ್ ಹಂಗಂದೆ?"

"ನಿನ್ನ ಪಾಲಿನ ತಟ್ಟೆ ಹಿಡ್ಕೊಂಡು ನಿಂತಿದ್ರಲ್ಲೇ ನಿನ್ನ ಗಂಡ. ಆ ಮುಖ ನೋಡಿ ಏನಂತ ಬಯ್ಲಿ?" ಅಂದಳು. ಮಡಚಿದ ಬಟ್ಟೆಯನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟಳು. "ಅಮ್ಮನ ಕೋಳಿ ನನ್ನ ಕೈಯಲ್ಲೇ ಮುಗೀತಲ್ಲೇ. ಬೆಳಿಗ್ಗೆ ಗೂಡು ತೆಗ್ದಾಗೆಲ್ಲ ಅವಳೇ ಬರ್ತಾಳೆ ಅನ್ಸುತ್ತೆ."

ನನಗೂ ಅಳು ಬಂತು. ಅವಳ ಬೆನ್ನು ಸವರಿದೆ, ಅಷ್ಟೇ. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು, "ಅವ್ರಿಗೆ ಹೇಳಬೇಡ" ಅಂದು ಇನ್ನೊಂದು ಬಟ್ಟೆಯ ತುದಿ ಕೊಟ್ಟಳು.

ಮನೆಗೆ ಬಂದರೆ ನಮ್ಮವರು ಗೂಡಿನ ಹತ್ತಿರ ನಿಂತು ಪಕ್ಕದ ಮನೆಯವರಿಗೆ ಅದೇ ಕಥೆ ಹೇಳುತ್ತಿದ್ದರು. ನನ್ನನ್ನು ಕಂಡು, "ಬೇಕಾದ್ರೆ ಇವಳನ್ನೇ ಕೇಳಿ. ಅಲ್ವೇನೇ, ನಿಮ್ಮಜ್ಜನೂ ನನ್ನ ಹಾಗೇ ತಾನೇ?" ಅಂದರು.

"ಹೂಂ. ನಮ್ಮಜ್ಜನಿಗೆ ಮೊಟ್ಟೆ ಅಂದ್ರೆ ಪ್ರಾಣ" ಅಂದೆ.