ಮದುವೆ ಕ್ಯಾಸೆಟ್ಟಿನ ಕೊನೆಯ ಅರ್ಧ ತಾಸು

ನಾನೂ ಒಂದು ಕಾಲದಲ್ಲಿ ಟಿವಿಯಲ್ಲಿ ಬಂದವನು. ಈ ಮಾತನ್ನು ನಾನಾಗಿ ಎತ್ತಬಾರದು ಎಂದುಕೊಂಡೇ ಯಾರ ಮನೆಗಾದರೂ ಹೋಗುತ್ತೇನೆ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಅದು ಹೇಗೋ ಬಂದುಬಿಟ್ಟಿರುತ್ತದೆ. ಪಾರ್ವತಿನಗರದ ನಮ್ಮ ಬೀದಿಯಲ್ಲಿ ಇದನ್ನು ಕೇಳದವರು ಯಾರಾದರೂ ಇದ್ದರೆ ಅವರು ಈಚೆಗೆ ಬಾಡಿಗೆಗೆ ಬಂದವರು. ಅವರಿಗೂ ಹಾಲು ಉಕ್ಕಿಸಿದ ದಿನವೇ ಹೇಳಿ ಮುಗಿಸಿದ್ದೇನೆ ಎಂಬುದು ನನ್ನ ಹೆಂಡತಿಯ ಆರೋಪ.

ಅದು ಪದ ಊಹಿಸುವ ಆಟ. ಇಬ್ಬರ ಜೋಡಿ. ಒಬ್ಬನ ಕೈಗೆ ಪದ ಬರೆದ ಚೀಟಿ ಕೊಡುತ್ತಾರೆ. ಅವನು ಆ ಪದವನ್ನು ಬಾಯಿಗೆ ತರದೆ ಬೇರೆ ಮಾತಿನಲ್ಲಿ ಸುಳಿವು ಕೊಡಬೇಕು, ಗಂಟೆ ಬಾರಿಸುವುದರೊಳಗೆ ಇನ್ನೊಬ್ಬ ಪದ ಹೇಳಬೇಕು. ಸುಳಿವು ಕೊಡುವವನು ನಾನು, ಆಗಷ್ಟೇ ಬಳ್ಳಾರಿಯ ಹೈಸ್ಕೂಲೊಂದಕ್ಕೆ ಕನ್ನಡ ಮಾಸ್ತರನಾಗಿ ಸೇರಿದ್ದೆ. ಪದ ಹೇಳುವವನು ಕುರುಗೋಡಿನ ಗಾದಿಲಿಂಗಪ್ಪ, ಕಾಲೇಜಿನ ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯವನು. ಕೊನೆಯ ಒಂದು ಪದದಲ್ಲಿ ಸೋತೆವು. ಹೇಗೆ ಸೋತೆವು ಎಂದು ನಾನು ಮೂವತ್ತು ವರ್ಷ ಹೇಳಿಕೊಂಡು ಬಂದ ಕಥೆ ಇಷ್ಟು: ನಾನು ಚಿನ್ನದಂಥ ಸುಳಿವು ಕೊಟ್ಟೆ, ಕ್ಯಾಮೆರಾ ಕಂಡು ಗಾದಿಲಿಂಗನ ನಾಲಿಗೆ ಅಂಟಿಕೊಂಡಿತು, ಕಲ್ಲಿನಂತೆ ಕೂತ, ಗಂಟೆ ಬಾರಿಸಿತು. ಕಲ್ಲಿನಂತೆ ಕೂತದ್ದನ್ನು ನಾನು ಅಭಿನಯಿಸಿಯೂ ತೋರಿಸುತ್ತಿದ್ದೆ. ಕಣ್ಣು ಅರಳಿಸಿ, ಬಾಯಿ ತೆರೆದು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹೋದ ವರ್ಷ ಕುರುಗೋಡಿನಲ್ಲಿ ನಮ್ಮಿಬ್ಬರ ಗೆಳೆಯನೊಬ್ಬನ ಹೊಸ ಮನೆಯ ಊಟ. ಪಂಕ್ತಿಯಲ್ಲಿ ನನ್ನ ಎದುರು ಗಾದಿಲಿಂಗ, ಅವನ ಪಕ್ಕದಲ್ಲಿ ಅವನ ಹೊಸ ಅಳಿಯ. ಹೊಸ ಕೇಳುಗ ಸಿಕ್ಕರೆ ನಾನು ಬಿಡುವುದುಂಟೆ? ಹೋಳಿಗೆ ಬರುವಷ್ಟರಲ್ಲಿ ಕಲ್ಲಿನಂತೆ ಕೂತ ಭಾಗಕ್ಕೆ ಬಂದಿದ್ದೆ. ಇಡೀ ಪಂಕ್ತಿ ನಕ್ಕಿತು. ಅಳಿಯನೂ ನಗತೊಡಗಿ, ಮಾವನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದ. ಗಾದಿಲಿಂಗ ಎಲೆ ಮಡಚಿ ಎದ್ದ.

"ಮಾಸ್ತರ್ರ, ಆ ಟೇಪು ಎಲ್ಲ್ಯರ ಸಿಕ್ರ ಒಮ್ಮಿ ನೋಡ್ರಿ. ಆಮ್ಯಾಲ ಹೇಳ್ರಿ," ಅಂದು ಕೈ ತೊಳೆಯಲು ಹೋದ.

ಹಾಸ್ಟೆಲ್ಲಿನ ಕಾಲದಿಂದ ನನ್ನನ್ನು 'ಲೇ' ಎನ್ನುತ್ತಿದ್ದವನು ಆ 'ರಿ' ಹಚ್ಚಿದ್ದು ಬೈಗುಳಕ್ಕಿಂತ ಜೋರಾಗಿ ತಾಕಿತು. ಮನೆಗೆ ಬಂದು ಲೆಕ್ಕ ಹಾಕಿದರೆ ಅವನು ತಾನಾಗಿ ನನಗೆ ಫೋನ್ ಮಾಡಿ ಎಷ್ಟು ವರ್ಷವಾಯಿತೆಂಬುದೇ ನೆನಪಾಗಲಿಲ್ಲ.

ಆದರೂ ನಿಜ ಹೇಳಬೇಕೆಂದರೆ, ಟೇಪು ಸಿಕ್ಕರೆ ಅವನ ಬಾಯಿ ಮುಚ್ಚಿಸಬಹುದು ಎಂಬ ಧೈರ್ಯದಲ್ಲೇ ನಾನು ಹುಡುಕಲು ಹೊರಟದ್ದು. ಚಾನೆಲ್ಲಿಗೆ ಫೋನ್ ಮಾಡಿದೆ. "ಆಗೆಲ್ಲ ಒಂದೇ ಟೇಪಿನ ಮೇಲೆ ಮತ್ತೆ ಮತ್ತೆ ರೆಕಾರ್ಡ್ ಮಾಡ್ತಿದ್ರು ಸಾರ್, ಅಷ್ಟು ಹಳೇದು ಉಳಿದಿಲ್ಲ," ಎಂದು ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಹೇಳಿದಳು. ನಮ್ಮ ಆಟದ ಮೇಲೆ ಅಡುಗೆ, ಅಡುಗೆಯ ಮೇಲೆ ಜ್ಯೋತಿಷ್ಯ ಕೂತಿರಬೇಕು. ಹಳೆಯ ಕಾರ್ಯಕ್ರಮಗಳನ್ನು ಕೂಡಿಡುವವರ ಗುಂಪೊಂದು ಫೋನಿನಲ್ಲೇ ಸಿಕ್ಕಿತು. ಆಟ ಆಡಿದವರು, ಆಡಿಸಿದವರು, ಸುಮ್ಮನೆ ನೋಡಿದವರು ಎಲ್ಲ ಅಲ್ಲಿದ್ದರು. ಅವರಲ್ಲೊಬ್ಬರು, "ನಿಮ್ಮ ಆಟ ಇಲ್ಲ, ಅದರ ನಡುವೆ ಬರುತ್ತಿದ್ದ ಸೋಪಿನ ಜಾಹೀರಾತು ಇದೆ, ಕಳಿಸಲೇ?" ಎಂದು ಕೇಳಿದರು. ಕಳಿಸಿಕೊಂಡೆ. ಎರಡು ಸಲ ನೋಡಿದೆ ಕೂಡ.

ಹೀಗಿರುವಾಗ ಸಿರುಗುಪ್ಪದಿಂದ ನನ್ನ ಅಕ್ಕ ಹುಲಿಗೆಮ್ಮ, ರಾರಾವಿಯ ಹೊಲದ ಹೊಸ ಅಕ್ಕಿ ಯಾವಾಗ ಒಯ್ಯುತ್ತೀ ಎಂದು ಕೇಳಲು ಫೋನ್ ಮಾಡಿದಳು. ಮಾತಿನ ನಡುವೆ ನನ್ನ ಹುಡುಕಾಟದ ಸಂಗತಿ ಹೇಳಿದೆ.

"ಅದು ನಮ್ಮ ಮದುವಿ ಕ್ಯಾಸೆಟ್ನ್ಯಾಗ ಐತೆಲ್ಲೋ!" ಅಂದಳು. "ಕಡೀಕ ಅರ್ಧ ತಾಸು ಖಾಲಿ ಉಳದಿತ್ತು. ನಿಮ್ಮ ಭಾವ ಅದ್ರಾಗ ನಿನ್ನ ಆಟ ಹಿಡದಿಟ್ಟಾರ."

ಭಾವ ಆಗ ಸಿರುಗುಪ್ಪದಲ್ಲಿ ವಿಸಿಆರ್ ಬಾಡಿಗೆಗೆ ಕೊಡುತ್ತಿದ್ದರು. ಇದು ನನಗೆ ಹೊಳೆದೇ ಇರಲಿಲ್ಲ.

"ಇಷ್ಟು ವರ್ಷ ಯಾಕ ಹೇಳಲಿಲ್ಲಕ್ಕ?"

"ನೀ ಯಾವಾಗ ಕೇಳಿದ್ದಿ? ಬಂದಾಗೆಲ್ಲ ನೀನ ಹೇಳ್ತಿದ್ದಿ."

ಮರುದಿನವೇ ಬಸ್ಸು ಹತ್ತಿದೆ. ಅಕ್ಕ ಟ್ರಂಕಿನಿಂದ ಧಾರೆ ಸೀರೆ ಎತ್ತಿ, ಅದರಡಿಯಿಂದ ಕ್ಯಾಸೆಟ್ ತೆಗೆದುಕೊಟ್ಟಳು. ಅಕ್ಕಿಯ ಚೀಲ ಅಲ್ಲೇ ಮರೆತು ಬಂದೆ.

ಬಳ್ಳಾರಿಯಲ್ಲಿ ಈಗ ವಿಸಿಆರ್ ಇಟ್ಟುಕೊಂಡವರು ಯಾರು ಎಂದು ಕೇಳುತ್ತಾ ಹೋದರೆ ಎಲ್ಲರ ಬೆರಳೂ ಕೌಲ್ ಬಜಾರಿನ ಮೆಹಬೂಬಣ್ಣನ ಕಡೆಗೇ. ಮಿಕ್ಸಿ, ಫ್ಯಾನುಗಳ ನಡುವೆ ಕೂತಿದ್ದ ಅವರು ಕ್ಯಾಸೆಟ್ಟಿನ ಮುಚ್ಚಳ ಎತ್ತಿ ಬೆಳಕಿಗೆ ಹಿಡಿದರು. "ಬೂಷ್ಟು ಹತ್ತೇತ್ರಿ ಸರ. ಜಲ್ದಿ ಮಾಡಿದ್ರ ಹರೀತೈತಿ. ಎರಡ ದಿನ ಬಿಟ್ಟು ಬರ್ರಿ."

ಎರಡು ದಿನ ಬಿಟ್ಟು ಹೋದೆ. ಮೊದಲು ಮದುವೆ. ಪೇಟ ಸುತ್ತಿದ ಭಾವ, ತಲೆ ಎತ್ತದ ಅಕ್ಕ, ಕ್ಯಾಮೆರಾ ಬಂದಾಗ ತುತ್ತು ಬಾಯಿಗಿಡದೆ ಕಾಯುತ್ತಿದ್ದ ನೆಂಟರು. ಆಮೇಲೆ ಪರದೆ ಒಮ್ಮೆ ಜಿಲಿಜಿಲಿ ಎಂದಿತು, ಬಣ್ಣದ ವೇದಿಕೆ ಬಂತು. ನಾನಿದ್ದೆ, ಸಣ್ಣಗೆ, ಮೀಸೆ ಬಿಟ್ಟುಕೊಂಡು. ಎದುರಿಗೆ ಗಾದಿಲಿಂಗ.

ಕೊನೆಯ ಚೀಟಿ ಬಿಡಿಸಿದೆ. "ಎಣ್ಣೆ," ಅಂದೆ. "ನೆಲದ ಒಳಗೆ."

"ಶೇಂಗಾ!" ಅಂದ ಗಾದಿಲಿಂಗ. ಕಲ್ಲಿನಂತಲ್ಲ, ಕುರ್ಚಿಯಿಂದ ಅರ್ಧ ಎದ್ದು.

"ಶೇಂಗಾನಾ? ಹಾಗಂದ್ರೇನು?" ಎಂದರು ನಡೆಸಿಕೊಡುತ್ತಿದ್ದವರು. ಸಭೆ ನಕ್ಕಿತು. "ಶೇಂಗಾರೀ... ಶೇಂಗಾ," ಎಂದು ಅವನು ನನ್ನ ಮುಖ ನೋಡಿದ. ಚೀಟಿ ನನ್ನ ಕೈಯಲ್ಲಿತ್ತು. ಅದರಲ್ಲಿ 'ಕಡಲೆಕಾಯಿ' ಎಂದಿತ್ತು. ಎರಡೂ ಒಂದೇ ಎಂದು ಹೇಳಬಲ್ಲವನು ಆ ವೇದಿಕೆಯ ಮೇಲೆ ನಾನೊಬ್ಬನೇ, ಅದೂ ಕನ್ನಡದ ಮಾಸ್ತರ. ನಾನು ಬಾಯಿಗೆ ಕೈ ಅಡ್ಡ ಹಿಡಿದು ಸಭೆಯ ಜೊತೆ ನಗುತ್ತಿದ್ದೆ. ಗಂಟೆ ಬಾರಿಸಿತು.

ಮೆಹಬೂಬಣ್ಣ ಟಿವಿ ನೋಡಿದರು, ನನ್ನನ್ನು ನೋಡಿದರು. "ಶೇಂಗಾ ಅಂದ್ರ ತಪ್ಪೇನ್ರಿ ಸರ?"

ತಪ್ಪಲ್ಲ. ಮೈಸೂರಿನ ಕಡೆ ಕಡಲೆಕಾಯಿ, ಇನ್ನೊಂದು ಕಡೆ ನೆಲಗಡಲೆ, ನಮ್ಮಲ್ಲಿ ಶೇಂಗಾ, ನಮ್ಮ ತೆಲುಗು ನೆರೆಯವರಿಗೆ ವೇರುಶನಗ. ಬೆಳೆಯೇ ಕಡಲಾಚೆಯಿಂದ ಬಂದದ್ದು. ಹೋದಲ್ಲೆಲ್ಲ ಜನ ಅದಕ್ಕೊಂದು ಹೆಸರಿಟ್ಟು ಒಳಗೆ ಕರೆದುಕೊಂಡರು. ಇದನ್ನೇ ನಾನು ತರಗತಿಯಲ್ಲಿ ವರ್ಷವರ್ಷ ಪಾಠ ಮಾಡಿದ್ದೇನೆ, ಯಾವ ಊರಿನ ಕನ್ನಡವೂ ಕೀಳಲ್ಲ ಎಂದು ಮೇಜು ಗುದ್ದಿ ಹೇಳಿದ್ದೇನೆ. ಗುದ್ದಿದ ಆ ಕೈಯೇ ಟಿವಿಯಲ್ಲಿ ಬಾಯಿಗೆ ಅಡ್ಡವಿತ್ತು. ನಾನು ಅದನ್ನು ಮರೆತೂ ಇರಲಿಲ್ಲ; ಅದರ ಮೇಲೆ ನನಗೆ ಬೇಕಾದದ್ದನ್ನು ರೆಕಾರ್ಡ್ ಮಾಡಿಕೊಂಡಿದ್ದೆ.

ಮೆಹಬೂಬಣ್ಣ ಅದನ್ನು ನನ್ನ ಫೋನಿಗೆ ಹಾಕಿಕೊಟ್ಟರು. ಒಂದು ವಾರ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಅಳಿಸಿಬಿಟ್ಟರೆ ಯಾರಿಗೂ ಗೊತ್ತಾಗದು ಎಂಬ ಯೋಚನೆಯೂ ಬಂತು, ಮುಚ್ಚಿಡುವುದಿಲ್ಲ. ಕೊನೆಗೆ ಒಂದು ಭಾನುವಾರ ಕುರುಗೋಡಿಗೆ ಹೋದೆ.

ಗಾದಿಲಿಂಗ ತನ್ನ ಅಂಜೂರದ ತೋಟದಲ್ಲಿ ಹಣ್ಣು ಬಿಡಿಸುತ್ತಿದ್ದ. ಏನೂ ಹೇಳದೆ ಫೋನ್ ಅವನ ಕೈಗಿಟ್ಟೆ. ಅವನು ನೆರಳಿಗೆ ಸರಿದು ಪೂರಾ ನೋಡಿದ.

"ತಪ್ಪಾತಲೇ ಗಾದಿ," ಅಂದೆ.

ಅವನು ಸ್ವಲ್ಪ ಹೊತ್ತು ಫೋನನ್ನು ತಿರುವಿ ಮುರುವಿ ನೋಡಿದ. "ನೀ ನಕ್ಕಿದ್ದು ಬ್ಯಾಸರಿಲ್ಲ. ವಯಸ್ಸು ಹಂಗ ಇತ್ತು, ನಕ್ಕಿ. ನಾ ಉತ್ತರ ಹೇಳೇ ಇಲ್ಲ ಅಂತ ಊರ ತುಂಬ ಹೇಳ್ಕೊಂತ ಬಂದ್ಯಲ್ಲ, ಅದು ಬ್ಯಾಸರ."

ಅವನ ಹೆಂಡತಿ ನೀಲಮ್ಮ ಬುಟ್ಟಿ ಇಳಿಸಿ, ಫೋನ್ ಇಸಿದುಕೊಂಡು ನೋಡಿ, "ಅಯ್ಯ, ನಮ್ಮ ಮನಿಯವ್ರಿಗೆ ಇಷ್ಟು ಕೂದ್ಲ ಇದ್ವಾ!" ಎಂದರು. ಗಾದಿಲಿಂಗನಿಗೆ ನಗು ತಡೆಯಲಾಗಲಿಲ್ಲ. ಅಳಿಯನನ್ನು ಕರೆಸಿ ಮತ್ತೆ ಹಾಕಿದ. ಈ ಸಲ "ಹಾಗಂದ್ರೇನು?" ಎಂಬ ಪ್ರಶ್ನೆ ಬಂದೊಡನೆ ನಾನು ಫೋನಿಗೇ ಕೂಗಿದೆ: "ಸರಿ ಉತ್ತರರೀ! ಎರಡೂ ಒಂದೇ!"

"ಈಗ ಹೇಳಿದಿ ನೋಡು," ಅಂದ ಗಾದಿಲಿಂಗ, "ಗಂಟಿ ಹೊಡದು ಮೂವತ್ತು ವರ್ಷ ಆತು." ಒಂದು ಅಂಜೂರ ಬಿಡಿಸಿ ನನಗೆ ಕೊಟ್ಟು ಕೇಳಿದ: "ಹಿಂದಿನ ವಾರದ್ದು ಎಲ್ಲೈತಲೇ?"

"ಯಾವ್ದು?"

"ಮೊದಲ್ನೇ ಸುತ್ತು. ಅದನ್ನ ಗೆದ್ದಿದ್ದಕ್ಕಲ್ಲೇನು ನಮ್ಮನ್ನ ಮತ್ತ ಕರದಿದ್ದು? ಆವತ್ತು ನೀ ಎಂಥಾ ಸುಳಿವು ಕೊಟ್ಟಿದ್ದಿ ಮಾರಾಯ!"

ಅದು ನನಗೆ ನೆನಪೇ ಇರಲಿಲ್ಲ. ಗೆದ್ದದ್ದನ್ನು ಬಿಟ್ಟು ಸೋತದ್ದನ್ನೇ ಅಷ್ಟು ವರ್ಷ ಮನೆಮನೆಗೆ ಹೊತ್ತಿದ್ದೆ.

ಈಗ ಇಬ್ಬರೂ ಸೇರಿ ಅದನ್ನು ಹುಡುಕುತ್ತಿದ್ದೇವೆ. ಆ ಕಾಲದಲ್ಲಿ ಮದುವೆಯಾದವರ ಮನೆಗಳನ್ನೆಲ್ಲ ಭಾನುವಾರಕ್ಕೆ ಒಂದರಂತೆ ಕೇಳುತ್ತಾ ಹೋಗುತ್ತೇವೆ, ಕ್ಯಾಸೆಟ್ಟಿನ ಕೊನೆಯಲ್ಲಿ ಏನಿದೆ ನೋಡಬಹುದೇ ಎಂದು. ಗಾದಿಲಿಂಗನೇ ಎಲ್ಲರಿಗೂ ಕಥೆ ಹೇಳುತ್ತಾನೆ. ಅವನ ಕಥೆಯಲ್ಲಿ ನಾನು ಬಹಳ ಬುದ್ಧಿವಂತ, ಒಂದೇ ಮಾತಿನ ಸುಳಿವಿಗೆ ಅವನಿಂದ ಪದ ಹೊರಡಿಸಿದವನು. ಸ್ವಲ್ಪ ಹೆಚ್ಚೇ ಹೇಳುತ್ತಾನೇನೋ ಎಂಬ ಗುಮಾನಿ ನನಗಿದೆ. ಟೇಪು ಸಿಕ್ಕಿದ ದಿನ ತಿಳಿಯುತ್ತದೆ; ಅಲ್ಲಿಯತನಕ ನಾನು ತಿದ್ದಲು ಹೋಗುವುದಿಲ್ಲ.